ಸೆರೆಬ್ರಲ್ ಪಾಲ್ಸಿ ಇರುವ ಮಗು ಕೂತಲ್ಲೇ ಜಾರುತ್ತದೆ, ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗಳಿಗೆ 5 ವರ್ಷ. ಸೆರೆಬ್ರಲ್ ಪಾಲ್ಸಿಯಿಂದ (ಬೆಳೆಯುವ ಮೆದುಳಿಗಾದ ಹಾನಿಯಿಂದ ಚಲನೆ, ಭಂಗಿಗೆ ಬರುವ ತೊಂದರೆ) ಎರಡೂ ಕಾಲುಗಳಲ್ಲಿ ಬಿಗಿತವಿದೆ. ಗೋಡೆಗೆ ಒರಗಿಸಿ ಕಾಲು ನೀಡಿಸಿ ಕೂರಿಸಿದರೂ ಬೆನ್ನು ಬಾಗಿ ಮುಂದಕ್ಕೆ ಜಾರುತ್ತಾಳೆ. ಊಟದ ಹೊತ್ತಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎದೆಗೆ ವೇಲ್ ಕಟ್ಟುತ್ತೇನೆ. ಇದು ಸರಿಯೇ?

ಉತ್ತರ (ಫಿಸಿಯೋಥೆರಪಿಸ್ಟ್): ವೇಲ್ ಕಟ್ಟುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ಮಗು ಕೆಳಗೆ ಜಾರಿದರೆ ಅದು ಕುತ್ತಿಗೆಗೆ ಬಿಗಿಯುತ್ತದೆ.

ಬಾಗುವುದು ಬೆನ್ನಾದರೂ ತೊಂದರೆಯ ಮೂಲ ಸಾಮಾನ್ಯವಾಗಿ ತೊಡೆಯ ಹಿಂಭಾಗದಲ್ಲಿರುತ್ತದೆ. ಅಲ್ಲಿನ ಸ್ನಾಯುಗಳು ಕುಂಡೆಯ ಮೂಳೆಯಿಂದ ಹೊರಟು ಮಂಡಿಯನ್ನು ದಾಟಿ ಕಾಲಿಗೆ ಸೇರುವುದರಿಂದ, ಅವು ಬಿಗಿಯಾಗಿರುವ ಮಗುವಿನ ಕಾಲು ನೀಡಿಸಿದೊಡನೆ ಸೊಂಟವನ್ನು ಹಿಂದಕ್ಕೆ ವಾಲಿಸುತ್ತವೆ, ಬೆನ್ನು ಗೂನಾಗುತ್ತದೆ. ಆಗ "ನೆಟ್ಟಗೆ ಕೂತ್ಕೋ" ಎಂದು ಗದರಿಸಿ ಪ್ರಯೋಜನವಿಲ್ಲ. ಮನೆಯ ಹಿರಿಯರಿಗೂ ಇದನ್ನು ತಿಳಿಸಿ.

ಆದ್ದರಿಂದ ಮಂಡಿ ಮಡಿಸಿ ಕೂರಿಸಿ. ಪಾದಗಳೆರಡೂ ನೆಲಕ್ಕೆ ಊರುವಷ್ಟು ಎತ್ತರದ ಗಟ್ಟಿ ಮಣೆ ಸಾಕು, ನೀವು ಹಿಂದೆ ಕೂತು ಸೊಂಟವನ್ನು ಹಿಡಿದುಕೊಳ್ಳಿ. ಕುರ್ಚಿಯಾದರೆ ಸೊಂಟ ಒರಗಿಗೆ ತಾಗಿರಬೇಕು, ಮಂಡಿಯ ಹಿಂದೆ ಎರಡು ಬೆರಳಿನಷ್ಟು ಜಾಗವಿರಬೇಕು, ಪಾದದ ಕೆಳಗೆ ಹಲಗೆ ಇರಬೇಕು. ಬೆಲ್ಟ್ ಹೊಟ್ಟೆಯ ಮೇಲೆ ಬಾರದೆ, ತೊಡೆ ಮತ್ತು ಸೊಂಟ ಕೂಡುವಲ್ಲಿ ಓರೆಯಾಗಿ ಕೆಳಮುಖವಾಗಿ ಹಾದುಹೋಗಲಿ. ತುತ್ತನ್ನು ಎದುರಿನಿಂದ, ಬಾಯಿಯ ಮಟ್ಟದಲ್ಲೇ ಕೊಡಿ. ಮೇಲಿನಿಂದ ಕೊಟ್ಟರೆ ಮಗು ತಲೆ ಎತ್ತುತ್ತದೆ, ಆಹಾರ ಶ್ವಾಸನಾಳಕ್ಕೆ ಹೋಗುವ ಅಪಾಯ ಹೆಚ್ಚುತ್ತದೆ.

ಪ್ರಶ್ನೆ: ಆಡುವಾಗ ಮಂಡಿಗಳನ್ನು ಮುಂದಿಟ್ಟು, ಪಾದಗಳನ್ನು ಎರಡೂ ಪಕ್ಕಕ್ಕೆ ಚಾಚಿ ಅವಳೇ ಕೂರುತ್ತಾಳೆ. ಬಿಡಿಸಬೇಕೇ? ಸರ್ಕಾರದಿಂದ ಕುರ್ಚಿ ಸಿಗುತ್ತದೆಯೇ?

ಉತ್ತರ: ಆ ಭಂಗಿಯಲ್ಲಿ ತಳ ಅಗಲವಾಗುವುದರಿಂದ ಬೀಳುವ ಭಯವಿಲ್ಲದೆ ಎರಡೂ ಕೈಗಳಿಂದ ಆಡಬಹುದು. ಅವಳು ಸ್ವತಂತ್ರವಾಗಿ ಕೂರುವುದು ಹಾಗೆ ಮಾತ್ರವಾದರೆ ಪೂರ್ತಿ ನಿಷೇಧಿಸುವುದನ್ನು ನಾನು ಒಪ್ಪುವುದಿಲ್ಲ. ಆದರೆ ತೊಡೆಗಳು ಸದಾ ಒಳಕ್ಕೆ ತಿರುಗಿರುವುದು ಒಳ್ಳೆಯದಲ್ಲ, ನಡುನಡುವೆ ಮಣೆಯ ಮೇಲೆ ಕೂರಿಸಿ. ಸೊಂಟದ ಕೀಲು ಜರುಗುವುದು ಆರಂಭದಲ್ಲಿ ನೋವಿಲ್ಲದೆಯೇ ನಡೆಯಬಹುದಾದ್ದರಿಂದ, ಮೂಳೆ ವೈದ್ಯರು ಹೇಳಿದ ಅವಧಿಗೆ ಎಕ್ಸ್‌ರೇ ತೆಗೆಸುವುದನ್ನು ತಪ್ಪಿಸಬೇಡಿ.

ಅಂಗವಿಕಲರಿಗೆ ಸಾಧನ ಸಲಕರಣೆ ಒದಗಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ, ಅಂಥ ಸಾಧನಗಳನ್ನು ತಯಾರಿಸುವ ಸರ್ಕಾರಿ ಸಂಸ್ಥೆ ಅಲಿಮ್ಕೋದ ಸಿಪಿ ಚೇರ್ (ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಕುರ್ಚಿ) ಪಡೆಯಲು ಅವಕಾಶವಿದೆ. ಅಂಗವಿಕಲತೆಯ ಪ್ರಮಾಣಪತ್ರ, ಆದಾಯದ ದಾಖಲೆ ಕೇಳುತ್ತಾರೆ. ಚೇರ್ ಕೈಗೆ ಬಂದ ಮೇಲೆ, ಮಗುವನ್ನು ಅದರಲ್ಲಿ ಕೂರಿಸಿಯೇ ನಿಮ್ಮ ಥೆರಪಿಸ್ಟ್ ಬೆಲ್ಟ್, ಪಾದದ ಹಲಗೆಗಳನ್ನು ಹೊಂದಿಸಿಕೊಡಬೇಕು.