ಹತ್ತರ ನೋಟೋ, ಹತ್ತರ ನಾಣ್ಯವೋ: ರಘು ಭಾವನ ಪ್ರಶ್ನೆಗೆ

ಎಲ್ಲರಿಗೂ ನಮಸ್ಕಾರ. ರಘು ಭಾವ, ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ರಲ್ಲ, 10, 20ರ ನೋಟು ಪೂರ್ತಿ ನಿಲ್ಲಿಸಿ ಬರೀ ನಾಣ್ಯ ಬಿಟ್ರೆ ಅಂಗಡಿಯವರ ಚಿಲ್ಲರೆ ಗೋಳು ತೀರಲ್ವಾ ಅಂತ. ಅದಕ್ಕೆ ಶಾರದತ್ತೆ, ನಮ್ಮೂರ ಸಂತೇಲಿ 10ರ ನಾಣ್ಯ ಮುಟ್ಟೋರೇ ಇಲ್ಲ ಅಂದ್ರು. ಪವನ್, ಫೋನಲ್ಲೇ ಸ್ಕ್ಯಾನ್ ಮಾಡೋ ಕಾಲದಲ್ಲಿ ಎರಡೂ ಯಾಕೆ ಅಂದ. ಮೂವರಿಗೂ ಹೇಳ್ತೀನಿ. ಟೈಪ್ ಮಾಡಿದ್ರೆ ಮುಗಿಯಲ್ಲ, ಅದಕ್ಕೇ ಮಾತಾಡ್ತಿದೀನಿ, ಕೆಲಸ ಮಾಡ್ಕೊಂಡೇ ಕೇಳಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ ಭಾವ. 10 ರೂಪಾಯಿ ನಾಣ್ಯವೇ ಆಗಬೇಕು. ಆದ್ರೆ ನೋಟೂ ಇರಲಿ, ನಾಣ್ಯವೂ ಇರಲಿ ಅಂತ ಎರಡನ್ನೂ ಇಟ್ಕೊಂಡ್ರೆ ಅದು ನಡೆಯಲ್ಲ. ಜೊತೆಗೆ ಅಂಗಡಿಯವರು ಕೂಡಿಟ್ಟ ನಾಣ್ಯ ಬ್ಯಾಂಕಿಗೆ ಸಲೀಸಾಗಿ ವಾಪಸ್ ಹೋಗೋ ದಾರಿ ಆಗಬೇಕು. ಇದೆರಡೂ ಆಗದೆ ಬರೀ ನಾಣ್ಯ ಸುರಿದ್ರೆ ನಿಮ್ಮ ಗಲ್ಲಾದಲ್ಲೇ ರಾಶಿ ಬೀಳತ್ತೆ. 20ರದ್ದು ಸದ್ಯಕ್ಕೆ ನೋಟಾಗೇ ಇರಲಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಖರ್ಚಿನ ಲೆಕ್ಕ ಬೇಗ ಮುಗಿಯತ್ತೆ. ಮಾಹಿತಿ ಹಕ್ಕಿನಲ್ಲಿ 2018ರಲ್ಲಿ ಹೊರಬಂದ ಲೆಕ್ಕದ ಪ್ರಕಾರ 10ರ ನಾಣ್ಯ ಒಂದಕ್ಕೆ ಸುಮಾರು ಐದೂವರೆ ರೂಪಾಯಿ ಬೀಳತ್ತೆ. 10ರ ನೋಟು ಅಚ್ಚು ಹಾಕಕ್ಕೆ ಹತ್ತಿರ ಹತ್ತಿರ ಒಂದು ರೂಪಾಯಿ. ಅಂದ್ರೆ ಒಂದು ನಾಣ್ಯ ಆರು ನೋಟಿನಷ್ಟು ಕಾಲ ಓಡಿದ್ರೆ ದುಡ್ಡು ಹುಟ್ಟಿತು. ಅದೇನೂ ದೊಡ್ಡ ಮಾತಲ್ಲ. ನೋಟಿನ ಕಾಗದ ಹತ್ತಿಯಿಂದ ಮಾಡಿದ್ದು, ಗಟ್ಟಿಯೇ, ಆದ್ರೂ ಹೂವಿನವರ ಒದ್ದೆ ಕೈ, ಮೀನು ಮಾರ್ಕೆಟ್ಟಿನ ನೀರು, ಕಂಡಕ್ಟರ್ ಬೆರಳ ಸಂದೀಲಿ ಉದ್ದಕ್ಕೆ ಮಡಚಿ ಹಿಡಿಯೋ ಪದ್ಧತಿ, ಇಷ್ಟಕ್ಕೆ ಮಧ್ಯದ ಗೀಟಲ್ಲಿ ಸೀಳತ್ತೆ. ನಾಣ್ಯಕ್ಕೆ ಇದ್ಯಾವುದೂ ತಾಗಲ್ಲ.

ಹಾಗಾದ್ರೆ ಓಡ್ತಾ ಯಾಕಿಲ್ಲ? ಶಾರದತ್ತೆ ಹೇಳಿದ್ದು ಇಲ್ಲಿಗೇ ಬರತ್ತೆ. 10ರ ನಾಣ್ಯ ಜನರ ಕೈಗೆ ಬಂದಿದ್ದು 2009ರಲ್ಲಿ. ರೂಪಾಯಿ ಚಿಹ್ನೆ ಸರ್ಕಾರ ಒಪ್ಪಿದ್ದು 2010ರಲ್ಲಿ, ನಾಣ್ಯದ ಮೇಲೆ ಬಂದಿದ್ದು 2011ರಿಂದ. ಅಂದಮೇಲೆ ಚಿಹ್ನೆ ಇಲ್ಲದ ನಾಣ್ಯ ಹಳೇದು, ನಕಲಿ ಅಲ್ಲ. 10 ಗೆರೆ ಇರೋದು ಅಸಲಿ, 15 ಗೆರೆ ಇರೋದು ನಕಲಿ ಅಂತ ಹಬ್ಬಿದ ಸುದ್ದಿಯೂ ಹೀಗೇ, ಗೆರೆ ಬೇರೆ ಇರೋದು ವಿನ್ಯಾಸ ಬೇರೆ ಆಗಿದ್ದಕ್ಕೆ. 2018ರ ಜನವರಿ 17ರಂದು ರಿಸರ್ವ್ ಬ್ಯಾಂಕ್ ಪ್ರಕಟಣೆ ಕೊಟ್ಟು, ಅಲ್ಲಿವರೆಗೆ 14 ವಿನ್ಯಾಸದಲ್ಲಿ 10ರ ನಾಣ್ಯ ಬಂದಿದೆ, ಹದಿನಾಲ್ಕೂ ಚಲಾವಣೆಯದ್ದೇ ಅಂತ ಸ್ಪಷ್ಟ ಮಾಡಿತು. ಇಸವಿ ಕೆಳಗಿನ ಗುರುತು ನೋಡಿ ಅನುಮಾನ ಪಡೋರೂ ಇದಾರೆ. ಅದು ಟಂಕಸಾಲೆಯ ಗುರುತು ಅಷ್ಟೇ: ನಕ್ಷತ್ರ ಇದ್ರೆ ಹೈದರಾಬಾದ್, ವಜ್ರದ ಆಕಾರ ಇದ್ರೆ ಮುಂಬೈ, ಚುಕ್ಕಿ ಇದ್ರೆ ನೋಯ್ಡಾ, ಏನೂ ಇಲ್ಲದಿದ್ರೆ ಕೋಲ್ಕತ್ತಾ. ಅತ್ತೆ, ಆ ಪ್ರಕಟಣೆ ಫೋನಲ್ಲಿ ಇಟ್ಕೊಳ್ಳಿ. ಸಂತೇಲಿ ಜಗಳ ಆಡೋ ಬದಲು ಅದನ್ನ ತೋರಿಸಿ.

ಆದ್ರೆ ಗಾಳಿಸುದ್ದಿ ಅರ್ಧ ಕಾರಣ ಮಾತ್ರ. ಸೊಪ್ಪಿನವಳು ನಾಣ್ಯ ಬೇಡ ಅನ್ನೋದು ನಕಲಿ ಅಂತ ನಂಬಿ ಅಲ್ಲ, ತನ್ನ ಹತ್ರ ಮಂಡಿಯವನು ತಗೊಳಲ್ಲ ಅಂತ. ಮಂಡಿಯವನು ಬೇಡ ಅನ್ನೋದು ಬ್ಯಾಂಕಲ್ಲಿ ಕಟ್ಟಿಸ್ಕೊಳಲ್ಲ ಅಂತ. ಬ್ಯಾಂಕಿನ ಕೌಂಟರಲ್ಲಿ ನೋಟು ಎಣಿಸೋ ಮೆಷಿನ್ ಇರತ್ತೆ, ನಾಣ್ಯದ್ದು ಬಹಳ ಕಡೆ ಇರಲ್ಲ, ಕೈಯಲ್ಲೇ ಎಣಿಸಬೇಕು. ಸೇರಿದ ಚೀಲಗಳು ಶಾಖೆಯ ಸ್ಟ್ರಾಂಗ್ ರೂಮಲ್ಲಿ ಜಾಗ ತಿಂತವೆ, ಕರೆನ್ಸಿ ಚೆಸ್ಟಿಗೆ, ಅಂದ್ರೆ ರಿಸರ್ವ್ ಬ್ಯಾಂಕಿನ ಪರವಾಗಿ ನೋಟು, ನಾಣ್ಯ ಇಡೋ ಖಜಾನೆಗೆ, ವಾಪಸ್ ಕಳಿಸೋದು ಇನ್ನೊಂದು ಕಷ್ಟ. 2021ರ ಸೆಪ್ಟೆಂಬರಿಂದ ರಿಸರ್ವ್ ಬ್ಯಾಂಕ್ ನಾಣ್ಯ ಹಂಚಿದ್ದಕ್ಕೆ ಬ್ಯಾಂಕುಗಳಿಗೆ ಕೊಡೋ ಪ್ರೋತ್ಸಾಹಧನವನ್ನ ಚೀಲಕ್ಕೆ 25 ಇದ್ದದ್ದನ್ನ 65 ರೂಪಾಯಿ ಮಾಡಿದೆ. ಒಳ್ಳೇದೇ. ಆದ್ರೆ ಅದು ಹೊರಗೆ ಕೊಟ್ಟಿದ್ದಕ್ಕೆ. ಒಳಗೆ ತಗೊಂಡಿದ್ದಕ್ಕೂ ಹಾಗೇ ಕೊಟ್ರೆ ಕೌಂಟರಲ್ಲಿ ಮುಖ ಸಿಂಡರಿಸೋದು ಕಮ್ಮಿ ಆಗತ್ತೆ ಅನ್ನೋದು ನನ್ನ ಗಟ್ಟಿ ಅನಿಸಿಕೆ. ಈಗ ನಾಣ್ಯ ಹೋಗೋದು ಒಂದೇ ದಿಕ್ಕಿಗೆ: ಬ್ಯಾಂಕಿಂದ ಅಂಗಡಿಗೆ, ಅಂಗಡಿಯಿಂದ ಮನೆಯ ಡಬ್ಬಿಗೆ ಅಥವಾ ದೇವಸ್ಥಾನದ ಹುಂಡಿಗೆ. ಅಲ್ಲಿಗೆ ನಿಂತೋಯ್ತು.

ಎರಡೂ ಜೊತೆಗಿದ್ರೆ ಕಾಗದವೇ ಗೆಲ್ಲತ್ತೆ ಅನ್ನೋದನ್ನ ಬೇರೆ ದೇಶದವರು ಮೊದಲೇ ಕಂಡಿದಾರೆ. ಕೆನಡಾದವರು 1987ರಲ್ಲಿ ಒಂದು ಡಾಲರ್ ನಾಣ್ಯ ತಂದು 1989ರಲ್ಲಿ ನೋಟು ನಿಲ್ಲಿಸಿದ್ರು, ನಾಣ್ಯ ಊರಿತು. ಬ್ರಿಟನ್ನಲ್ಲಿ ಒಂದು ಪೌಂಡ್ ನಾಣ್ಯ 1983ರಲ್ಲಿ, ನೋಟು ಹೋಗಿದ್ದು 1988ರಲ್ಲಿ. ಅಮೆರಿಕದವರು 1979, 2000, 2007, ಮೂರು ಸಲ ಡಾಲರ್ ನಾಣ್ಯ ತಂದ್ರು, ನೋಟು ಮಾತ್ರ ಬಿಡಲಿಲ್ಲ. ನಾಣ್ಯ ತಿಜೋರೀಲಿ ಕೊಳೀತು, 2011ರ ಕೊನೆಗೆ ಚಲಾವಣೆಗೆ ಅಂತ ಟಂಕಿಸೋದನ್ನೇ ನಿಲ್ಲಿಸಿದ್ರು. ನಮ್ಮಲ್ಲೂ 1994-95ರ ಸುಮಾರಿಗೆ 1, 2, 5ರ ನೋಟಿನ ಅಚ್ಚು ನಿಲ್ಲಿಸಿದ್ದಕ್ಕೇ ಆ ನಾಣ್ಯಗಳನ್ನ ಇವತ್ತು ಎಲ್ಲರೂ ತಕರಾರಿಲ್ಲದೆ ತಗೊಳ್ತಾರೆ. 5ರ ನೋಟು ನಡುವೆ ಮತ್ತೆ ಬಂದಿದ್ದೂ ಉಂಟು, ಈಗಲೂ ಅದು ಚಲಾವಣೆಯದ್ದೇ.

ಈಗ ನಾಣ್ಯದ ವಿರುದ್ಧ ಇರೋ ನ್ಯಾಯವಾದ ಮಾತು. 2025ರಲ್ಲಿ ದೆಹಲಿ ಹೈಕೋರ್ಟಿಗೆ ಕೇಂದ್ರ ಸರ್ಕಾರ, 50ರ ನಾಣ್ಯ ತರೋ ಪ್ರಸ್ತಾಪ ಇಲ್ಲ, 2022ರ ರಿಸರ್ವ್ ಬ್ಯಾಂಕ್ ಸಮೀಕ್ಷೇಲಿ 10, 20ಕ್ಕೂ ಜನ ನೋಟನ್ನೇ ಇಷ್ಟಪಟ್ರು ಅಂತ ಹೇಳಿತು. ತೂಕ ಮತ್ತೆ ಆಕಾರ, ಎರಡರ ಮೇಲೂ ದೂರಿದೆ. ತೂಕ ನೋಡಿ: ಸಾವಿರ ರೂಪಾಯಿಗೆ 10ರ ನಾಣ್ಯ 770 ಗ್ರಾಂ ಮೇಲೆ, ಅದೇ ನೂರು ನೋಟಿನ ಕಟ್ಟು ನೂರು ಗ್ರಾಂ ಒಳಗೆ. ದಿನವಿಡೀ ಚೀಲ ಹೆಗಲಿಗೆ ಹಾಕ್ಕೊಂಡು ನಿಲ್ಲೋ ಕಂಡಕ್ಟರಿಗೆ ಅದು ಭಾರವೇ.

ಆಕಾರದ ತೊಂದರೆ ಇನ್ನೂ ದೊಡ್ಡದು. ಒಂದು ಹಳೇ ನಾಣ್ಯ, ಒಂದು ಹೊಸದು ಅಂಗೈಮೇಲಿಟ್ಟು ನೋಡಿ. 2019ರಲ್ಲಿ ಬಂದ ಸರಣಿಯ 5ರ ನಾಣ್ಯ 25 ಮಿಲಿಮೀಟರ್ ಅಗಲ, 2011ರ 2ರ ನಾಣ್ಯವೂ 25. ಹೊಸ 2ರದ್ದು 23, ಹಳೇ 5ರದ್ದೂ 23. ಕಣ್ಣಿದ್ದೋರು ಹಳದಿ, ಬಿಳಿ ಬಣ್ಣ ನೋಡಿ ಹೇಳ್ತೀವಿ. ಕಣ್ಣು ಕಾಣದೋರಿಗೆ ಅನುಕೂಲ ಆಗಲಿ ಅಂತಲೇ ಆ ಸರಣೀಲಿ ಬೆಲೆ ಹೆಚ್ಚಿದ ಹಾಗೆ ಅಗಲ, ತೂಕ ಹೆಚ್ಚಿಸಿದ್ರು, ಆದ್ರೆ ಹಳೇದು ಜೊತೇಲಿ ಓಡೋವರೆಗೂ ಆ ಅನುಕೂಲ ಅರ್ಧಕ್ಕರ್ಧ ಹೋಯ್ತು. ಇನ್ನು 20ರ ನಾಣ್ಯ: ಹನ್ನೆರಡು ಮೂಲೆ, 8.54 ಗ್ರಾಂ, ಆದ್ರೆ ಅಗಲ 27 ಮಿಲಿಮೀಟರ್, ಅಂದ್ರೆ 10ರಷ್ಟೇ. ಎರಡೂ ಎರಡು ಲೋಹದ್ದು. ಜೇಬೊಳಗೆ ಕೈ ಹಾಕಿ ಅವಸರದಲ್ಲಿ ತೆಗೆದ್ರೆ 10ಕ್ಕೆ 20 ಹೋಗತ್ತೆ. ಅದಕ್ಕೇ 20 ನೋಟಾಗಿರಲಿ ಅಂದಿದ್ದು. ನಲವತ್ತು ವಾಪಸ್ ಕೊಡೋವಾಗ ಎರಡು ಹಗುರ ನೋಟು ಕೊಟ್ರೆ ಗಿರಾಕಿಗೂ ಸಮಾಧಾನ. ನೋಟು ಅಂದ್ರೆ ಕುರುಡರಿಗೆ ಸುಲಭ ಅಂತಲ್ಲ, 10ರದ್ದು 123 ಮಿಲಿಮೀಟರ್ ಉದ್ದ, 20ರದ್ದು 129, ಆರೇ ಮಿಲಿಮೀಟರ್ ವ್ಯತ್ಯಾಸ, ಮುಟ್ಟಿ ತಿಳಿಯೋ ಉಬ್ಬು ಗುರುತು 100ರಿಂದ ಮೇಲಿನದಕ್ಕೆ ಮಾತ್ರ. ನಮ್ಮ ಸೀತಮ್ಮ ಅಜ್ಜಿ ಫೋನಿಗೆ ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ ಹಾಕಿಕೊಡಿ ಯಾರಾದ್ರೂ, ಕ್ಯಾಮೆರಾ ಮುಂದೆ ನೋಟು ಹಿಡಿದ್ರೆ ಎಷ್ಟರದ್ದು ಅಂತ ಹೇಳತ್ತೆ, ಇಂಟರ್ನೆಟ್ಟೂ ಬೇಡ.

ಪವನ್, ಫೋನಲ್ಲಿ ಕೊಡೋದರಿಂದ ಚಿಲ್ಲರೆ ಗಲಾಟೆ ಕಮ್ಮಿ ಆಗಿರೋದು ನಿಜ. ಆದ್ರೆ 2025ರ ಜುಲೈಲಿ ಫೋನಲ್ಲಿ ಬಂದ ದುಡ್ಡಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ನೋಟಿಸು ಬಂದಾಗ ಬೆಂಗಳೂರಲ್ಲಿ ಎಷ್ಟು ಅಂಗಡಿಯವರು ಕ್ಯೂಆರ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ರು, ನೋಡಿದೀಯಲ್ಲ. ಅವತ್ತು ಬೇಕಾಗಿದ್ದು ಈ 10, 20ರದ್ದೇ.

ಭಾವ, ಈಗ ನಿಮ್ಮ ಅಂಗಡಿ ಕೆಲಸ. ಸೇರಿದ ನಾಣ್ಯ ಬ್ಯಾಂಕಿಗೆ ಕಟ್ಟಕ್ಕೆ ಗಿರಾಕಿಗೆ ಮಿತಿ ಇಲ್ಲ, ಎಷ್ಟಾದ್ರೂ ಕಟ್ಟಬಹುದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಆದ್ರೆ ನೀವು ಬೇರೆ ಯಾರಿಗೋ ಸಾಲ ತೀರಿಸಕ್ಕೆ ಚೀಲ ಹೊತ್ಕೊಂಡು ಹೋದ್ರೆ, 2011ರ ನಾಣ್ಯ ಕಾಯ್ದೆ ಪ್ರಕಾರ ಒಂದು ರೂಪಾಯಿ ಮತ್ತೆ ಮೇಲಿನ ನಾಣ್ಯದಲ್ಲಿ ಸಾವಿರ ರೂಪಾಯಿವರೆಗೆ ಮಾತ್ರ ಕಾನೂನಿನ ಬಲ, 50 ಪೈಸೆಯಲ್ಲಾದ್ರೆ 10 ರೂಪಾಯಿವರೆಗೆ.

ಸುರಿದು ತಗೊಂಡು ಹೋಗಬೇಡಿ, ಅಲ್ಲೇ ಜಗಳ ಶುರುವಾಗೋದು. ಮುಖಬೆಲೆ ಪ್ರಕಾರ ಬೇರ್ಪಡಿಸಿ, ಒಂದೊಂದು ಪಾಲಿಥಿನ್ ಕವರಿಗೆ ನೂರು ನೂರು ಹಾಕಿ. 10ರದ್ದನ್ನ ಎಣಿಸೋದೇ ಬೇಡ, ತೂಗಿ. 2019ಕ್ಕೆ ಮುಂಚಿನದು 7.71 ಗ್ರಾಂ, ಆಮೇಲಿನದು 7.74. ಖಾಲಿ ಕವರ್ ಇಟ್ಟು ತಕ್ಕಡಿಯನ್ನ ಸೊನ್ನೆಗೆ ತರೋ ಟೇರ್ ಗುಂಡಿ ಒತ್ತಿ, ನೂರು ನಾಣ್ಯ 771ರಿಂದ 774 ಗ್ರಾಂ ಒಳಗೆ ಬರಬೇಕು. 766 ಅಥವಾ ಅದಕ್ಕೂ ಕೆಳಗೆ ಇಳಿದ್ರೆ ಒಂದು ಕಮ್ಮಿ, 778 ದಾಟಿದ್ರೆ ಒಂದು ಜಾಸ್ತಿ. ಒಂದು ಗ್ರಾಂ ತೋರಿಸೋ ತಕ್ಕಡಿ ಬೇಕು, ಐದೈದು ಗ್ರಾಂ ಜಿಗಿಯೋದರಲ್ಲಿ ಮೋಸ ಹೋಗ್ತೀರ. 5ರದ್ದನ್ನ ಹಾಗೇ ತೂಗಬೇಡಿ: ಹಳೇ ದಪ್ಪದ್ದು 9 ಗ್ರಾಂ, ನಡುವಿನದು 6, ಹೊಸದು 6.74. ಮೂರನ್ನೂ ಬೇರೆ ಮಾಡಿದ್ರೆ ಮಾತ್ರ ಲೆಕ್ಕ ಕೂಡತ್ತೆ. 1, 2ರದ್ದರಲ್ಲಿ ಇನ್ನೂ ಹೆಚ್ಚು ಬಗೆ ಇದೆ, ಕೈಯಲ್ಲೇ ಎಣಿಸಿ.

ಕವರ್ ಮೇಲೆ ಎಷ್ಟರದ್ದು, ಎಷ್ಟು ಅಂತ ಚೀಟಿ ಅಂಟಿಸಿ. ತಿಂಗಳ ಮೊದಲ ವಾರ, ರಜೆಯ ಮಾರನೇ ದಿನ ಬಿಟ್ಟು ಮಧ್ಯಾಹ್ನ ಹೋಗಿ. ಕರೆಂಟ್ ಅಕೌಂಟಿಗೆ ನಗದು ಕಟ್ಟಿದ್ರೆ ಶುಲ್ಕ ಹಿಡೀತಾರಾ ಅಂತ ಮೊದಲೇ ಕೇಳ್ಕೊಳ್ಳಿ. ತಗೊಳಲ್ಲ ಅಂದ್ರೆ ಮ್ಯಾನೇಜರ್ ಹತ್ರ ಬರವಣಿಗೇಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ರೆ, ಬಂದಿದ್ದು ಸರಿ ಅನಿಸದಿದ್ರೆ, ಬ್ಯಾಂಕಿನ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448.

ಹರಿದ 10, 20ರ ನೋಟೂ ಎಸೀಬೇಡಿ. 20ರವರೆಗಿನ ನೋಟಲ್ಲಿ ಒಂದೇ ತುಂಡು ಅರ್ಧಕ್ಕಿಂತ ಜಾಸ್ತಿ ಉಳಿದಿದ್ರೆ ಪೂರ್ತಿ ಬೆಲೆ ಕೊಡಬೇಕು, ಈಗಿನ 10ರ ನೋಟಿಗೆ ಅದು 39 ಚದರ ಸೆಂಟಿಮೀಟರ್. ಅದಕ್ಕಿಂತ ಕಮ್ಮಿ ಇದ್ರೆ ಏನೂ ಸಿಗಲ್ಲ, ಅರ್ಧ ಬೆಲೆ ಕೊಡೋದು 50 ಮತ್ತೆ ಮೇಲಿನದಕ್ಕೆ ಮಾತ್ರ.

ಭಾನುವಾರ ಅಂಗಡಿ ಅರ್ಧ ದಿನ ಅಲ್ವಾ ಭಾವ, ಅವತ್ತು 10ರದ್ದಷ್ಟೇ ತೂಗಿ ನೋಡಿ. ಎಷ್ಟು ಕವರ್ ಆಯ್ತು ಅಂತ ಇಲ್ಲೇ ಹಾಕಿ, ಅತ್ತೆ ಹತ್ರ ಇರೋ ಡಬ್ಬೀದೂ ಸೇರಿಸಿ ಒಂದೇ ಸಲ ಕಟ್ಟಿಬಿಡೋಣ.