ಸಹಾಯ ಬೇಕು: ಜಿಬಿಎಸ್‌ನಿಂದ ಚೇತರಿಸಿಕೊಳ್ಳುತ್ತಿರುವ ಅಪ್ಪನಿಗಾಗಿ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ಹಳ್ಳಿಯಿಂದ ಬರೆಯುತ್ತಿದ್ದೇನೆ. ಅಪ್ಪನಿಗೆ 62 ವರ್ಷ. ಐದು ತಿಂಗಳ ಹಿಂದೆ ಭೇದಿಯಾಗಿ, ಅದು ನಿಂತ ವಾರದಲ್ಲೇ ಅಂಗಾಲು ಜುಮುಗುಟ್ಟತೊಡಗಿತು. ನಾಲ್ಕನೇ ದಿನ ಕಾಫಿ ಲೋಟ ಕೈಯಿಂದ ಜಾರಿತು. ಗಿಲಿಯನ್ ಬಾರೆ ಸಿಂಡ್ರೋಮ್ (ಜಿಬಿಎಸ್); ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ. ಐದು ದಿನ ಇಮ್ಯುನೊಗ್ಲಾಬ್ಯುಲಿನ್ (ರಕ್ತನಾಳದ ಮೂಲಕ ಕೊಡುವ ಪ್ರತಿಕಾಯಗಳ ಔಷಧ), 19 ದಿನ ವೆಂಟಿಲೇಟರ್. ಜೀವ ಉಳಿಯಿತು.

ಈಗ ಮನೆಯಲ್ಲಿದ್ದಾರೆ. ಹಾಳಾದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದಂತೆ. ಸೊಂಟದಿಂದ ಪಾದಕ್ಕೆ ಎಷ್ಟು ಮಿಲಿಮೀಟರ್ ಎಂದು ಅಪ್ಪ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಕಳೆದ ಭಾನುವಾರ ಅನ್ನ ತಾನೇ ಕಲಸುತ್ತೇನೆಂದು ಹಟ ಹಿಡಿದರು. ಹೆಬ್ಬೆರಳು ನಿಧಾನಕ್ಕೆ ಮಡಚಿತು, ಅರ್ಧ ತಟ್ಟೆಗೆ ಚೆಲ್ಲಿ ಅರ್ಧ ಬಾಯಿಗೆ ಹೋಯಿತು. ಅಮ್ಮ ಮಜ್ಜಿಗೆ ತರುವ ನೆಪದಲ್ಲಿ ಒಳಗೆ ಹೋಗಿ ಅತ್ತರು.

ವಾರಕ್ಕೆ ಮೂರು ದಿನವಾದರೂ ಮನೆಗೆ ಬರುವ, ನರದ ಕಾಯಿಲೆಯ ಅನುಭವವಿರುವ ಫಿಸಿಯೋಥೆರಪಿಸ್ಟ್ ಬೇಕಾಗಿದ್ದಾರೆ. ಜೀಪಿನಲ್ಲಿ ಪೇಟೆಗೆ ಕರೆದೊಯ್ದರೆ ಎರಡು ದಿನ ಏಳಲಾರದಷ್ಟು ದಣಿಯುತ್ತಾರೆ. ಪಾದ ಜೋತುಬೀಳುವುದರಿಂದ ಅಳತೆ ತೆಗೆದು ಸ್ಪ್ಲಿಂಟ್ (ಪಾದವನ್ನು ಎತ್ತಿ ಹಿಡಿಯುವ ಆಧಾರಪಟ್ಟಿ) ಮಾಡಿಕೊಡುವವರು ಶಿವಮೊಗ್ಗದ ಕಡೆ ಇದ್ದರೆ ತಿಳಿಸಿ. ಬಳಸದೆ ಇಟ್ಟಿರುವ ಗಾಲಿಕುರ್ಚಿಯಿದ್ದರೆ ಬೆಲೆ ಕೊಟ್ಟೇ ಒಯ್ಯುತ್ತೇವೆ. ನಾಟಿ ಎಣ್ಣೆಯ ಸಲಹೆ ದಯವಿಟ್ಟು ಬೇಡ. ಸ್ಪರ್ಶವೇ ಸರಿಯಾಗಿ ತಿಳಿಯದ ಕಾಲಿಗೆ ಬಿಸಿ ತಾಗಿಸಲು ನನಗೆ ಭಯ.

ಎಲ್ಲಕ್ಕಿಂತ ಮುಖ್ಯವಾಗಿ, ಇದೇ ಕಾಯಿಲೆಯಿಂದ ಎದ್ದು ನಡೆದವರು ಯಾರಾದರೂ ಅಪ್ಪನೊಂದಿಗೆ ಹತ್ತು ನಿಮಿಷ ಫೋನಿನಲ್ಲಿ ಮಾತನಾಡುವಿರಾ? ನನ್ನ ಮಾತನ್ನು ಸಮಾಧಾನವೆಂದು ತಳ್ಳಿಹಾಕುತ್ತಾರೆ. "ನಾನೂ ಹೀಗೇ ಮಲಗಿದ್ದೆ" ಎಂದು ನೀವು ಹೇಳಿದರೆ ನಂಬುತ್ತಾರೆ. ಸಂಜೆ ಆರರ ನಂತರ ಯಾವಾಗಲಾದರೂ ಸರಿ, ಫೋನನ್ನು ಅವರ ಕಿವಿಯ ಹತ್ತಿರ ನಾನು ಹಿಡಿದುಕೊಳ್ಳುತ್ತೇನೆ.