ಹೂಡೆ–ಕೋಡಿ ಬೆಂಗ್ರೆಯಲ್ಲಿ ಹಕ್ಕಿ ಎಣಿಸ್ಲಿಕ್ಕೆ ಹೊರಟಿದ್ದೇವೆ, ಮಾಡಿ ಗೊತ್ತಿದ್ದವರು ಹೇಳಿ

ನಮ್ಮ ಯುವಕ ಮಂಡಲದಿಂದ ಈ ಜನವರಿಯಲ್ಲಿ ಉಡುಪಿ ಹತ್ತಿರದ ಹೂಡೆಯಿಂದ ಕೋಡಿ ಬೆಂಗ್ರೆಯ ತುದಿಯವರೆಗೆ ಹಕ್ಕಿ ಎಣಿಸುವುದು ಅಂತ ಮಾತಾಗಿದೆ. ಹನ್ನೆರಡು ಜನ ಇದ್ದೇವೆ, ಬೈನಾಕ್ಯುಲರ್ ಎರಡೇ. ನನಗೆ ಗುರುತು ಸಿಗುವುದು ಮನೆ ಸುತ್ತಿನ ಇಪ್ಪತ್ತೈದು ಹಕ್ಕಿ, ಅಷ್ಟೇ. ಮರಳಿನ ಮೇಲೆ ಓಡುವ ಸಣ್ಣವೆಲ್ಲ ಒಂದೇ ತರ ಕಾಣ್ತವೆ. ಗುಂಪು ಒಮ್ಮೆಲೆ ಎದ್ದರೆ ಎಣಿಸುವುದು ಹೇಗೆ? ನಮ್ಮಂಥವರು ಬರೆದ ಲೆಕ್ಕದಿಂದ ಯಾರಿಗಾದರೂ ಪ್ರಯೋಜನ ಉಂಟಾ?

ಮಲ್ಪೆಯಿಂದ:
ಮೊದಲ ವರ್ಷ ನಮ್ಮ ಮರ್ಯಾದೆ ಹೋದ ಕಥೆಯಿಂದಲೇ ಶುರು ಮಾಡ್ತೇನೆ. ಪಡುಕೆರೆಯಲ್ಲಿ ಮೂರು ತಂಡ ಮಾಡಿ ಒಂದೊಂದು ಕಿಲೋಮೀಟರ್ ಹಂಚಿಕೊಂಡೆವು. ಕಡಲಕ್ಕಿ ಒಂದನೇ ತಂಡಕ್ಕೆ 210, ಎರಡನೆಯದಕ್ಕೆ 190, ಮೂರನೆಯದಕ್ಕೆ 220. ಕೂಡಿಸಿ 620 ಅಂತ ಬರೆದು, ಬನ್ಸ್ ತಿಂದು, ಫೋಟೋ ತೆಗೆಸಿಕೊಂಡೆವು. ಮನೆಗೆ ಬಂದು ಪುಸ್ತಕ ಬಿಡಿಸಿದರೆ ಸಮಯ ಹೀಗಿದೆ: 7.10, 7.25, 7.40. ಒಂದು ನಾಯಿ ಉದ್ದಕ್ಕೂ ಅಟ್ಟಿಸಿಕೊಂಡು ಬಂದದ್ದು ಎಲ್ಲರಿಗೂ ನೆನಪಿತ್ತು. ಅಂದರೆ ಒಂದೇ ಗುಂಪು ಮೂರು ಕಡೆ ಇಳಿದಿದೆ, ನಾವು ಮೂರು ಸಲ ಎಣಿಸಿದ್ದೇವೆ. 620 ಹೊಡೆದುಹಾಕಿ 220 ಅಂತ ಬರೆದೆವು. ಆವತ್ತಿನಿಂದ ದೊಡ್ಡ ಗುಂಪು ಕಂಡರೆ ಎಷ್ಟು ಗಂಟೆಗೆ, ಯಾವ ಕಡೆಯಿಂದ ಬಂತು, ಯಾವ ಕಡೆ ಹೋಯ್ತು ಅಂತ ಬರೆಯದೆ ಬಿಡುವುದಿಲ್ಲ. ಪಕ್ಕದ ತಂಡಕ್ಕೆ ಫೋನ್ ಕೂಡ ಹೋಗ್ತದೆ, "ನಿಮ್ಮ ಕಡೆ ಬರ್ತಾ ಉಂಟು, ಎಣಿಸಬೇಡಿ" ಅಂತ.

ನಿಮ್ಮ ಜಾಗದ್ದೇ ಒಂದು ವಿಶೇಷ ಉಂಟು. ಬೆಂಗ್ರೆ ರಸ್ತೆಯಲ್ಲಿ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ. ಬೆಳಿಗ್ಗೆ ಹೊಳೆ ಕಡೆ ನೋಡಿದರೆ ಸೂರ್ಯ ನೇರ ಕಣ್ಣಿಗೆ, ಎಲ್ಲ ಹಕ್ಕಿಯೂ ಕಪ್ಪು. ಹಾಗಾಗಿ ಬೆಳಿಗ್ಗೆ ಕಡಲ ಬದಿ, ಸಂಜೆ ಹೊಳೆ ಬದಿ ಮಾಡಿ. ಒಂದೇ ಹೊತ್ತಿಗೆ ಎರಡನ್ನೂ ಮುಗಿಸುವ ಆಸೆ ಬೇಡ.

ನೀರಿನ ಲೆಕ್ಕವೂ ಬೇಕು. ಪೂರ್ತಿ ಇಳಿತ ಇರುವಾಗ ಕೆಸರು, ಮರಳು ಎಲ್ಲ ತೆರೆದುಕೊಂಡು ಹಕ್ಕಿಗಳು ದೂರ ದೂರ ಚದುರಿಹೋಗ್ತವೆ. ನೀರು ಏರುವಾಗ ಉಳಿದ ದಿಣ್ಣೆಯ ಮೇಲೆ ಒತ್ತಿಕೊಂಡು ಕೂರ್ತವೆ, ಎಣಿಸ್ಲಿಕ್ಕೆ ಅದೇ ಒಳ್ಳೆ ಹೊತ್ತು. ಭರತ, ಅಂದರೆ ನೀರು ಏರುವ ಹೊತ್ತು, ದಿನಕ್ಕೆ ಸುಮಾರು 50 ನಿಮಿಷ ತಡವಾಗ್ತಾ ಹೋಗ್ತದೆ, ಆದ್ದರಿಂದ ಭಾನುವಾರ ರಜೆ ಅಂತ ಮಾತ್ರ ನೋಡಿ ದಿನ ಇಡಬೇಡಿ. ಬಲೆಗೆ ಹೋಗುವವರ ಹತ್ತಿರ ಒಂದು ಮಾತು ಕೇಳಿ.

ಗುಂಪು ಎಣಿಸುವುದನ್ನು ಮನೆಯಲ್ಲೇ ಕಲಿಯಬಹುದು. ಒಂದು ಹಿಡಿ ಕುಚ್ಚಲಕ್ಕಿ ಪೇಪರ್ ಮೇಲೆ ಎಸೆಯಿರಿ, ಐದು ಸೆಕೆಂಡ್ ನೋಡಿ ಅಂದಾಜು ಹೇಳಿ, ಆಮೇಲೆ ಕಾಳು ಕಾಳು ಎಣಿಸಿ. ನಾನು ಮೊದಲ ಸಲ 60 ಅಂದೆ, ಇದ್ದದ್ದು 130. ಹೆಚ್ಚಿನವರು ಕಡಿಮೆಯೇ ಹೇಳುವುದು. ಕಣ್ಣಲ್ಲೇ ಹತ್ತರ ಒಂದು ತುಂಡು ಅಳೆದುಕೊಂಡು, ಅಂಥದ್ದು ಎಷ್ಟು ಹಿಡಿಯುತ್ತದೆ ಅಂತ ನೋಡುತ್ತಾ ಹೋಗಿ. ದೊಡ್ಡ ಗುಂಪಾದರೆ ಐವತ್ತರ ತುಂಡು. (ಅಕ್ಕಿ ಚೆಲ್ಲಿದ್ದಕ್ಕೆ ಬೈಗುಳ ತಿಂದದ್ದು ಬೇರೆ.)

ಕೊಣಾಜೆಯಿಂದ:
ಸಣ್ಣ ಓಡುವ ಹಕ್ಕಿಗಳ ಬಗ್ಗೆ. ಮೊದಲ ವರ್ಷ ಮೂರು ಗುರುತು ಸಿಕ್ಕಿದರೆ ಸಾಕು. ಅಲೆ ಹಿಂದೆ ಸರಿದ ಕೂಡಲೇ ಓಡಿ ಹೋಗಿ ಕುಕ್ಕಿ, ಅಲೆ ಬರುವಾಗ ವಾಪಸ್ ಓಡಿ ಬರುವ ಬಿಳಿಚಾದದ್ದು ಸ್ಯಾಂಡರ್ಲಿಂಗ್, ಕೀಲಿ ಕೊಟ್ಟ ಆಟಿಕೆ ತರ. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುವವು ಪ್ಲವರ್‌ಗಳು. ಅದರಲ್ಲಿ ಕತ್ತಿನ ಹಿಂದೆ ಸುತ್ತು ಬಿಳಿ ಪಟ್ಟಿ ಇದ್ದರೆ ಹೆಚ್ಚಾಗಿ ಕೆಂಟಿಷ್ ಪ್ಲವರ್, ಇಲ್ಲದಿದ್ದರೆ ಹೆಚ್ಚಾಗಿ ಸ್ಯಾಂಡ್ ಪ್ಲವರ್. ಕಲ್ಲಿನ ಮೇಲೆ ಒಂಟಿಯಾಗಿ ಹಿಂಭಾಗ ಕುಣಿಸುತ್ತಾ ಇರುವುದು ಕಾಮನ್ ಸ್ಯಾಂಡ್‌ಪೈಪರ್. ಸ್ಯಾಂಡ್ ಪ್ಲವರ್‌ನಲ್ಲಿ ಗ್ರೇಟರ್ ಯಾವುದು, ಲೆಸರ್ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಲೆಸರ್ ಅನ್ನೇ ಈಚೆಗೆ ಎರಡು ಜಾತಿ ಮಾಡಿ, ನಮ್ಮ ಕಡೆ ಬರುವುದನ್ನು ಟಿಬೆಟನ್ ಅಂತ ಕರೆದಿದ್ದಾರೆ. ಗೊತ್ತಾಗದಿದ್ದರೆ "ಸ್ಯಾಂಡ್ ಪ್ಲವರ್, ಯಾವುದೋ, 85" ಅಂತ ಬರೆಯಿರಿ. ಹಕ್ಕಿ ಲೆಕ್ಕ ಹಾಕುವ ಇ-ಬರ್ಡ್ ಆ್ಯಪ್‌ನಲ್ಲಿ ಹಾಗೆ ತುಂಬಿಸ್ಲಿಕ್ಕೆ ಆಯ್ಕೆ ಉಂಟು. ಊಹೆ ಮಾಡಿ ಹೆಸರು ಹಾಕಿದರೇ ತೊಂದರೆ.

ಪ್ರಯೋಜನ ಉಂಟಾ ಅಂತ ಕೇಳಿದಿರಿ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತಲ್ಲ, 942 ಜಾತಿಯದ್ದು? ಅದಕ್ಕೆ ಆಧಾರ 30 ಸಾವಿರಕ್ಕಿಂತ ಹೆಚ್ಚು ಜನ ಬರೆದ ಸುಮಾರು 3 ಕೋಟಿ ದಾಖಲೆಗಳು. ಬರೆದವರಲ್ಲಿ ಹೆಚ್ಚಿನವರು ನಮ್ಮ ನಿಮ್ಮಂಥವರೇ. ನಮ್ಮ ರಾಜ್ಯಪಕ್ಷಿ ನೀಲಕಂಠವೇ ಕಡಿಮೆಯಾಗುತ್ತಾ ಬಂದಿದೆ ಅಂತ ತಿಳಿದದ್ದು ಇಂಥ ಲೆಕ್ಕದಿಂದ. ಹಾಗಾಗಿ ಕಾಗೆ, ಗೊರವಂಕ, ಬೆಳ್ಳಕ್ಕಿ ಅಂತ ಬಿಟ್ಟುಬಿಡಬೇಡಿ. ನೀಲಕಂಠವನ್ನೂ ಒಂದು ಕಾಲದಲ್ಲಿ ಯಾರೂ ಎಣಿಸುವ ಹಕ್ಕಿ ಅಂತ ತಿಳಿದಿರಲಿಲ್ಲ.

ಮಂಗಳೂರು ಧಕ್ಕೆಯ ಹತ್ತಿರದಿಂದ:
ನಮ್ಮಲ್ಲಿ ಮೀನು ಇಳಿಸುವಾಗ ಹದ್ದು, ಗರುಡ ಸುತ್ತುವುದನ್ನು ಎಣಿಸಿದರೆ ತಲೆ ತಿರುಗ್ತದೆ ಮಾರಾಯ್ರೆ. ಈಗ ಮೊಬೈಲಲ್ಲಿ ಒಂದು ಫೋಟೋ ಹೊಡೆದು, ಫೋಟೋದಲ್ಲಿ ಚುಕ್ಕಿ ಇಟ್ಟು ಎಣಿಸ್ತೇವೆ. ಹತ್ತು ನಿಮಿಷಕ್ಕೊಂದರಂತೆ ಮೂರು ಫೋಟೋ, ಅದರಲ್ಲಿ ದೊಡ್ಡ ಸಂಖ್ಯೆ ಯಾವುದೋ ಅದು. ಕೂಡಿಸುವುದಿಲ್ಲ.

ಕೆಮ್ಮಣ್ಣಿನಿಂದ:
ಬೈನಾಕ್ಯುಲರ್ ಎರಡೇ ಅಂತ ಬೇಜಾರು ಬೇಡ. ಹನ್ನೆರಡು ಜನ ಒಟ್ಟಿಗೆ ನಡೆದರೆ ಹಕ್ಕಿ ಉಳಿಯುವುದೇ ಇಲ್ಲ. ಎರಡು ತಂಡ ಮಾಡಿ, ಒಬ್ಬರು ನೋಡುವುದು, ಒಬ್ಬರು ಬರೆಯುವುದು. ಉಳಿದವರಿಗೆ ತೆಂಗಿನ ತೋಟ, ಗದ್ದೆ ಬದಿ ಕೊಡಿ. ಅಲ್ಲಿ ಕಿವಿ ಸಾಕು: ಕುಟ್ರ, ಕೆಂಬೂತ, ಮಡಿವಾಳ. ಪೊದೆಯೊಳಗಿಂದ ಚಕ್ ಚಕ್ ಅಂತ ಕಲ್ಲು ಕುಟ್ಟಿದ ಹಾಗೆ ಕೇಳಿದರೆ ಚಳಿಗಾಲಕ್ಕೆ ಬಂದ ಬ್ಲೈತ್ಸ್ ಉಲಿಯಕ್ಕಿ (ಬ್ಲೈತ್ಸ್ ರೀಡ್ ವಾರ್ಬ್ಲರ್) ಇರಬಹುದು, ಹುಡುಕಿಕೊಂಡು ಒಳಗೆ ನುಗ್ಗಬೇಡಿ.

ಇನ್ನೊಂದು, ಹಳಬರನ್ನು ಕೇಳುವಾಗ ತುಳುವಿನಲ್ಲಿ ಕೇಳಿ. "ಬೆಳ್ಳಕ್ಕಿ ಎಲ್ಲಿ ಕೂರ್ತದೆ" ಅಂದಾಗ ನಮ್ಮ ದೋಣಿಯ ಅಜ್ಜ ಮುಖ ನೋಡಿದರು. "ಕೊರುಂಗು" ಅಂದ ತಕ್ಷಣ ರಾತ್ರಿ ಕೂರುವ ಮರವನ್ನೇ ತೋರಿಸಿದರು.

ಕೇಳಿದವರು:
ತುಂಬಾ ಉಪಕಾರ. ಜನವರಿಯ ಹಕ್ಕಿ ಗಣತಿ ಬೇರೆ, ಫೆಬ್ರವರಿಯದ್ದು ಬೇರೆ ಅಂತಾರಲ್ಲ, ನಾವು ಯಾವುದಕ್ಕೆ ಸೇರಬೇಕು?

ಕೊಣಾಜೆಯಿಂದ:
ಜನವರಿಯದ್ದು ಏಷ್ಯಾದ ನೀರುಹಕ್ಕಿ ಗಣತಿ, 1987ರಿಂದ ನಡೆದುಬಂದಿದೆ. ಒಂದು ಕೆರೆ ಅಥವಾ ಅಳಿವೆಯ ನೀರುಹಕ್ಕಿಗಳನ್ನು ಪ್ರತಿವರ್ಷ ಎಣಿಸುವುದು. ಫೆಬ್ರವರಿಯದ್ದು ನಾಲ್ಕು ದಿನದ ಹಿತ್ತಲ ಹಕ್ಕಿ ಗಣತಿ, 15 ನಿಮಿಷ ಅಂಗಳದಲ್ಲಿ ನಿಂತು ಕಂಡದ್ದೆಲ್ಲ ಬರೆದರೂ ಆಯ್ತು, ಮಕ್ಕಳಿಗೆ ಅದು ಒಳ್ಳೆಯದು. ಅಳಿವೆಗೆ ಮೊದಲನೆಯದು ಸರಿ. ಆದರೆ ಮುಂದಿನ ವರ್ಷವೂ ಅದೇ ದಾರಿ, ಅದೇ ನೀರಿನ ಹೊತ್ತು ಇಟ್ಟುಕೊಳ್ಳುವುದಾದರೆ ಮಾತ್ರ. ಈ ಸಲ 3 ಕಿಲೋಮೀಟರ್, ಮುಂದಿನ ಸಲ 7 ಅಂತಾದರೆ ಹಕ್ಕಿ ಹೆಚ್ಚಿತೋ, ನಡೆದದ್ದು ಹೆಚ್ಚಿತೋ ಯಾರಿಗೂ ಹೇಳ್ಲಿಕ್ಕೆ ಆಗುವುದಿಲ್ಲ.

ಕೇಳಿದವರು:
ಹಾಗಾದರೆ ಹೂಡೆ ಬಿಟ್ಟೆವು. ಕೋಡಿಯ ತುದಿಯಿಂದ ಹಿಂದಕ್ಕೆ ಎರಡೇ ಕಿಲೋಮೀಟರ್. ಬೆಳಿಗ್ಗೆ ಕಡಲು, ಸಂಜೆ ಹೊಳೆ. ಭರತದ ಹೊತ್ತು ನಾಳೆ ಕೇಳಿ ದಿನ ತಿಳಿಸ್ತೇನೆ.

ಮಲ್ಪೆಯಿಂದ:
ದಿನ ಹೇಳಿ, ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ದುರ್ಬೀನು) ಹಿಡಿದುಕೊಂಡು ಬರ್ತೇನೆ. ಸ್ಟ್ಯಾಂಡಿನ ಒಂದು ಕಾಲು ಸರಿ ಇಲ್ಲ, ಕಟ್ಟಲಿಕ್ಕೆ ಸ್ವಲ್ಪ ಬಲೆಹಗ್ಗ ನೀವೇ ತನ್ನಿ.